ವಯಸ್ಸಿಗೆ ತಕ್ಕಷ್ಟು

ಎಂಆರ್‌ಐ ಕೋಣೆಯ ಕೆಲಸಕ್ಕೆ ಹೊಸದಾಗಿ ಸೇರುವವರಿಗಾಗಿ ಅನುಭವದ ನಾಲ್ಕು ಮಾತು ಬರೆದುಕೊಡಿ ಎಂದು ನಮ್ಮ ಕನ್ನಡ ಸಂಘದವರು ಕೇಳಿ ಆರು ತಿಂಗಳಾಯಿತು. ಮುಂಬಯಿಯ ಸ್ಕ್ಯಾನ್ ಸೆಂಟರುಗಳಲ್ಲಿ ಈಗ ನಮ್ಮವರ ಮಕ್ಕಳು ಬಹಳ ಮಂದಿ ಟೆಕ್ನಿಶಿಯನ್ ಆಗಿ ಸೇರುತ್ತಿದ್ದಾರೆ. ಬರೆಯುವುದು ತಡವಾದದ್ದು ಸಮಯವಿಲ್ಲದೆ ಅಲ್ಲ. ನಿವೃತ್ತನಿಗೆ ಸಮಯಕ್ಕೇನು ಬರಗಾಲ? ನಾನು ಹೇಳಬೇಕಾದ ಮುಖ್ಯ ಸಂಗತಿ ನನ್ನ ಅಣ್ಣಯ್ಯನಿಗೆ ಸಂಬಂಧಿಸಿದ್ದು. ಅವನು ತೀರಿಕೊಂಡು ಒಂದು ವರ್ಷವಾಯಿತು. ಆ ಸಂಗತಿಯನ್ನು ಅತ್ತಿಗೆ ಅಚ್ಚಿನಲ್ಲಿ ಓದಿ ತಿಳಿಯಬಾರದು, ಮೊದಲು ನನ್ನ ಬಾಯಿಂದ ಕೇಳಬೇಕು. ಆ ಧೈರ್ಯ ಬರಲು ಇಷ್ಟು ದಿನ ಬೇಕಾಯಿತು.

ನಾನು ಕೆಲಸ ಕಲಿತದ್ದು ಫೋರ್ಟ್‌ನ ಹಳೆಯ ಕಟ್ಟಡವೊಂದರಲ್ಲಿದ್ದ ಎಕ್ಸ್‌ರೇ ಕ್ಲಿನಿಕ್ಕಿನಲ್ಲಿ. ಅಣ್ಣಯ್ಯ ಮಂಜುನಾಥ ಕುಂದಾಪುರದ ಕಡೆಯಿಂದ ನನಗಿಂತ ಮೊದಲೇ ಬಂದು ಮಾಟುಂಗದ ಒಂದು ಹೋಟೆಲಿನಲ್ಲಿ ದೋಸೆ ಹುಯ್ಯುತ್ತಿದ್ದ. ದಿನಾ ಬರುವ ಗಿರಾಕಿಯೊಬ್ಬರಿಗೆ ಹೇಳಿ ನನ್ನನ್ನು ಅಲ್ಲಿಗೆ ಸೇರಿಸಿದವನು ಅವನೇ. ಹತ್ತನೆಯ ತರಗತಿ ಪಾಸಾದವನಿಗೆ ಡಾರ್ಕ್ ರೂಮಿನಲ್ಲಿ ಫಿಲ್ಮ್ ತೊಳೆದು ಒಣಹಾಕುವ ಕೆಲಸ ಸಿಕ್ಕಿತು. ಅಲ್ಲಿ ಡಿಸೋಜಾ ಸರ್ ಎಂಬ ಹಿರಿಯ ಟೆಕ್ನಿಶಿಯನ್ ಇದ್ದರು. ಮೊದಲ ತಿಂಗಳಲ್ಲೇ ನಾನು ಇಬ್ಬರ ಫಿಲ್ಮುಗಳನ್ನು ಹೆಸರಿನ ಚೀಟಿ ಸಿಕ್ಕಿಸದೆ ತೂಗುಹಾಕಿಬಿಟ್ಟೆ. ಒಂದರಲ್ಲಿ ಮಣಿಕಟ್ಟಿನ ಮೂಳೆ ಮುರಿದಿತ್ತು, ಇನ್ನೊಂದರಲ್ಲಿ ಇಲ್ಲ. ಯಾವುದು ಯಾರದ್ದು ಎಂದು ಆಮೇಲೆ ನನಗೇ ತಿಳಿಯಲಿಲ್ಲ.

"ಏ ಸುಧಾಕರ್, ಟೂಟಾ ಕಿಸ್ಕಾ, ಪ್ಲಾಸ್ಟರ್ ಕಿಸ್ಕೋ?" ಎಂದು ಡಿಸೋಜಾ ಸರ್ ಎಲ್ಲರೆದುರು ಕೂಗಿದರು. ಮುರಿದದ್ದು ಯಾರದ್ದು, ಪ್ಲಾಸ್ಟರು ಯಾರಿಗೆ ಎಂದು. ಇಬ್ಬರನ್ನೂ ಕೂರಿಸಿ ಮತ್ತೆ ಫಿಲ್ಮ್ ತೆಗೆಸಿದರು. ಆಮೇಲೆ ನನ್ನನ್ನು ಕೆಳಗೆ ಕರೆದುಕೊಂಡು ಹೋಗಿ ಚಹಾ ಕುಡಿಸಿ, ಹೆಸರು ನೋಡದೆ ಮೂಳೆ ನೋಡಬೇಡ ಎಂದರು. ಆ ಮಾತು ನನಗೆ ಚೆನ್ನಾಗಿ ನೆನಪಿತ್ತು. ನೆನಪಿದ್ದರೆ ಸಾಕು ಎಂದು ತಿಳಿದದ್ದು ನನ್ನ ದಡ್ಡತನ.

ಮುಂದೆ ಕೋರ್ಸು ಮಾಡಿ ಅಂಧೇರಿಯ ಸ್ಕ್ಯಾನ್ ಸೆಂಟರಿಗೆ ಬಂದೆ. ಸೇವೆಯ ಬಹುಪಾಲು ಅಲ್ಲೇ ಕಳೆಯಿತು. ಹೊರಗಿನವರು ಈ ಕೆಲಸವೆಂದರೆ ಗುಂಡಿ ಒತ್ತುವುದು ಎಂದುಕೊಳ್ಳುತ್ತಾರೆ. ನಿಜವಾದ ಕೆಲಸ ಮನುಷ್ಯನ ತಲೆಯನ್ನು ಅಲ್ಲಾಡದಂತೆ ಇಪ್ಪತ್ತು ನಿಮಿಷ ಇರಿಸುವುದು. ಬೆಲ್ಟು ಕಟ್ಟಿದರೆ ಆಗುವುದಿಲ್ಲ. ಗುಜರಾತಿ ಅಜ್ಜಿಯೊಬ್ಬರು ಹೆದರಿ ಒಳಗೆ ಮಲಗಿದಲ್ಲೇ ಭಜನೆ ಗುನುಗುತ್ತಿದ್ದರು. ತಾಳಕ್ಕೆ ತಲೆ ಆಡುತ್ತಿತ್ತು, ಚಿತ್ರವೆಲ್ಲ ಗೆರೆಗೆರೆ. ಮೂರು ಬಾರಿ ಹೇಳಿದರೂ ನಿಲ್ಲಲಿಲ್ಲ. ಕೊನೆಗೆ ನಾನು, "ಅಮ್ಮ, ಈಗ ನೀವು ಸುಮ್ಮನಿರಿ, ಮಿಷನ್ನು ಹಾಡುತ್ತದೆ, ಎಷ್ಟು ಸಾರಿ ಟಕಟಕ ಅಂತು ಅಂತ ಎಣಿಸಿ ನನಗೆ ಹೇಳಿ" ಎಂದು ಹಿಂದಿಯಲ್ಲಿ ಹೇಳಿದೆ. ಅಜ್ಜಿ ಕಲ್ಲಿನಂತೆ ಮಲಗಿದರು. ಹೊರಗೆ ಬಂದು, ನಡುವೆ ಲೆಕ್ಕ ತಪ್ಪಿತು ಎಂದು ನನ್ನ ಮೇಲೆಯೇ ಸಿಟ್ಟಾದರು. ಹೆದರಿದವರಿಗೆ ಹೆದರಬೇಡಿ ಎನ್ನುವುದಕ್ಕಿಂತ ಒಂದು ಕೆಲಸ ಕೊಡುವುದು ಮೇಲು. ಯಾವ ಕೋರ್ಸಿನಲ್ಲೂ ಇದನ್ನು ಕಲಿಸುವುದಿಲ್ಲ.

ಇನ್ನು ಬಿಳಿ ಚುಕ್ಕೆಗಳ ವಿಷಯ. ಮಿದುಳಿನೊಳಗೆ ಕೂದಲಿಗಿಂತ ತೆಳುವಾದ ರಕ್ತನಾಳಗಳಿವೆ. ಬಿಪಿ, ಸಕ್ಕರೆ ಕಾಯಿಲೆಯಿಂದ ಅವು ವರ್ಷಗಟ್ಟಲೆ ಪೆಟ್ಟು ತಿಂದು ಗಡಸಾಗುತ್ತವೆ, ಅಲ್ಲಲ್ಲಿ ಕಟ್ಟಿಕೊಳ್ಳುತ್ತವೆ. ಒಂದು ಬಗೆಯ ಎಂಆರ್‌ಐ ಚಿತ್ರದಲ್ಲಿ ಅಂಥ ಜಾಗ ಬಿಳಿ ಚುಕ್ಕೆಯಾಗಿ ಕಾಣುತ್ತದೆ. ಇದು ಒಂದೇ ಏಟಿಗೆ ಕೈಕಾಲು ಕೆಡಿಸುವ ಕಾಯಿಲೆಯಲ್ಲ. ಮನುಷ್ಯ ನಿಧಾನವಾಗುತ್ತಾನೆ. ಹೆಜ್ಜೆ ಸಣ್ಣದಾಗುತ್ತದೆ. ಒಟ್ಟಿಗೆ ಎರಡು ಮೂರು ಕೆಲಸ ನಿಭಾಯಿಸುತ್ತಿದ್ದವನು ಒಂದರಲ್ಲೇ ಸಿಕ್ಕಿಕೊಳ್ಳುತ್ತಾನೆ. ರೇಗುತ್ತಾನೆ, ಇಲ್ಲವೇ ಯಾವುದೂ ಬೇಡವೆಂದು ಕೂರುತ್ತಾನೆ. ಮನೆಯವರು ಅದನ್ನು ಕಾಯಿಲೆ ಎನ್ನುವುದಿಲ್ಲ, ಸ್ವಭಾವ ಕೆಟ್ಟಿತು ಎನ್ನುತ್ತಾರೆ.

ಅರವತ್ತು ದಾಟಿದವರಲ್ಲಿ ಈ ಚುಕ್ಕೆಗಳು ಸ್ವಲ್ಪವಾದರೂ ಇರುವುದು ಸಾಮಾನ್ಯ. ಅದಕ್ಕಾಗಿ ರಿಪೋರ್ಟಿನಲ್ಲಿ ಒಂದು ಸಾಲು ಮೊದಲೇ ಟೈಪಾಗಿ ಕೂತಿರುತ್ತಿತ್ತು: ವಯಸ್ಸಿಗೆ ಸಂಬಂಧಿಸಿದ ಬದಲಾವಣೆಗಳು. ನಮ್ಮ ರೇಡಿಯಾಲಜಿಸ್ಟ್, ಎಲ್ಲರೂ ಡಾಕ್ಟರ್ ಮೇಡಂ ಎನ್ನುತ್ತಿದ್ದ ಮರಾಠಿ ಮಹಿಳೆ, ಬೆಳಗಿನ ಹತ್ತು ಸ್ಕ್ಯಾನುಗಳಲ್ಲಿ ಒಂದೊಂದು ಚುಕ್ಕೆಯನ್ನೂ ನೋಡುತ್ತಿದ್ದರು. ಸಂಜೆ ನಲವತ್ತನೆಯದಕ್ಕೆ ಬರುವಾಗ ಗಡ್ಡೆ ಇದೆಯೇ, ರಕ್ತಸ್ರಾವ ಇದೆಯೇ ಎಂದು ಮೊದಲು ನೋಡುತ್ತಿದ್ದರು. ಅದಿಲ್ಲದಿದ್ದರೆ ಆ ಸಾಲು ಹಾಗೆಯೇ ಉಳಿಯುತ್ತಿತ್ತು. "ಸುಧಾಕರ್, ಚುಕ್ಕೆ ಎಣಿಸಲಿಕ್ಕೆ ನನಗೆ ಇನ್ನೊಂದು ಜೊತೆ ಕಣ್ಣು ಬೇಕು" ಎನ್ನುತ್ತಿದ್ದರು.

ನಿವೃತ್ತಿಗೆ ಕೆಲವು ವರ್ಷ ಇರುವಾಗ ಆ ಕಣ್ಣು ಬಂತು. ಸ್ಕ್ಯಾನ್ ಮುಗಿದ ಕೂಡಲೇ ಕಂಪ್ಯೂಟರೇ ಬಿಳಿ ಚುಕ್ಕೆಗಳನ್ನು ಹುಡುಕಿ, ಬಣ್ಣ ಹಚ್ಚಿ, ಒಟ್ಟು ಎಷ್ಟೆಂದು ಅಳೆದು, ಅದೇ ವಯಸ್ಸಿನ ಬೇರೆ ಜನರೊಂದಿಗೆ ಹೋಲಿಸಿ ಪಟ್ಟಿ ಕೊಡುವ ಪ್ರೋಗ್ರಾಂ. ವಯಸ್ಸಿಗೆ ತಕ್ಕಷ್ಟಿದ್ದರೆ ಹಸಿರು, ಮೀರಿದ್ದರೆ ಕೆಂಪು. ಯಾರನ್ನೂ ಬಿಡದೆ ಹಿಡಿಯುತ್ತದೆಂದು ನಾವು ಅದಕ್ಕೆ ಲೋಕಲ್ ಟ್ರೇನಿನಲ್ಲಿ ಟಿಕೆಟ್ ನೋಡುವ ಟೀಸಿಯ ಹೆಸರು ಇಟ್ಟೆವು. "ಟೀಸಿ ಏನು ಹೇಳಿತು?" ಎಂದು ಡಾಕ್ಟರ್ ಮೇಡಂ ಕೂಡ ಕೇಳುತ್ತಿದ್ದರು.

ಟೀಸಿಯನ್ನು ಬೈಯುವವರ ಗುಂಪಿನಲ್ಲಿ ನಾನಿಲ್ಲ. ಅದು ಒಳ್ಳೆಯ ಕೆಲಸಗಾರ. ನಲವತ್ತನೆಯ ಸ್ಕ್ಯಾನಿಗೂ ಮೊದಲನೆಯದಕ್ಕೆ ಕೊಟ್ಟಷ್ಟೇ ಗಮನ ಕೊಡುತ್ತದೆ. ಜೋಗೇಶ್ವರಿಯ ಟೈಲರ್ ಮಾಸ್ತರರೊಬ್ಬರು ತಲೆಸುತ್ತು ಎಂದು ಬಂದಿದ್ದರು, ಐವತ್ತರ ಆಸುಪಾಸಿನವರು. ಅಳತೆ ತೆಗೆದು ಬಟ್ಟೆ ಕತ್ತರಿಸುವಷ್ಟರಲ್ಲಿ ಮರೆಯುತ್ತಾರೆ, ಕೇಳಿದರೆ ಕತ್ತರಿ ಎಸೆಯುತ್ತಾರೆ ಎಂದು ಹೆಂಡತಿಯ ದೂರು. ಹಳೆಯ ಕಾಲವಾಗಿದ್ದರೆ ಆ ಸಿದ್ಧ ಸಾಲಿನಲ್ಲೇ ಅವರ ರಿಪೋರ್ಟು ಮುಗಿಯುತ್ತಿತ್ತು. ಟೀಸಿ ಕೆಂಪು ತೋರಿಸಿತು. ಮೇಡಂ ಹೊರಗೆ ಬಂದು ತಾವೇ ಬಿಪಿ ನೋಡಿದರು. ಹೌಹಾರುವಷ್ಟಿತ್ತು. ಮಾತ್ರೆ ಶುರುವಾಯಿತು. ಒಂದು ವರ್ಷದ ನಂತರದ ಸ್ಕ್ಯಾನಿನಲ್ಲಿ ಹೊಸ ಚುಕ್ಕೆ ಒಂದೂ ಇರಲಿಲ್ಲ. ಹಳೆಯವು ಹೋಗುವುದಿಲ್ಲ, ಆದರೆ ಹೆಚ್ಚಾಗದಂತೆ ತಡೆಯುವುದು ಸಣ್ಣ ಮಾತಲ್ಲ. ಮಾಸ್ತರರು ಹೋಗುವಾಗ ಮೇಡಂ ಅವರ ಕೋಟಿನ ತೋಳು ಉದ್ದವಾಗಿದೆ ಎಂದು ಹೇಳಿ, ಬಿಚ್ಚಿಸಿಕೊಂಡು ಹೋಗಿ ಸರಿಮಾಡಿ ತಂದುಕೊಟ್ಟರು.

ಟೀಸಿಯ ತಪ್ಪುಗಳೂ ಇದ್ದವು. ತಲೆ ಅಲ್ಲಾಡಿದ ಗೆರೆಗಳನ್ನು ಚುಕ್ಕೆಗಳೆಂದು ಎಣಿಸುತ್ತಿತ್ತು. ಹಳೆಯ ಪಾರ್ಶ್ವವಾಯುವಿನ ಗುರುತನ್ನೂ ಸೇರಿಸಿಬಿಡುತ್ತಿತ್ತು. ಅದನ್ನೆಲ್ಲ ನೋಡಿ ಮೇಡಂ ತಿದ್ದುತ್ತಿದ್ದರು. ನಾನು ಹೇಳಹೊರಟ ತಪ್ಪು ಮಾತ್ರ ಅದರದ್ದಲ್ಲ.

ನಮ್ಮಲ್ಲಿ ಗ್ಯಾಪ್ ಎಂಬ ಪದ್ಧತಿ ಇತ್ತು. ಟ್ರೇನು ತಡವಾಗಿ ರೋಗಿ ಬಾರದಿದ್ದರೆ ಅರ್ಧ ಗಂಟೆ ಮಿಷನ್ ಖಾಲಿ ಇರುತ್ತದೆ. ಆಗ ವಾಚ್‌ಮನ್ನನ ಹೆಂಡತಿಗೋ, ಕಸ ಗುಡಿಸುವ ಮಾವ್‌ಶಿಯ ಅಣ್ಣನಿಗೋ ಫೋನ್ ಮಾಡಿ, ಬೇಗ ಬನ್ನಿ ಗ್ಯಾಪ್ ಇದೆ ಎನ್ನುತ್ತಿದ್ದೆವು. ಬಿಲ್ಲಿಲ್ಲ, ಬರೆದ ರಿಪೋರ್ಟಿಲ್ಲ. ಹೆಸರಿನ ಜಾಗದಲ್ಲಿ ಟೆಸ್ಟ್ ಎಂದು ಹಾಕಿದರೆ ಹೆಡ್ ಆಫೀಸಿನವರು ಕೇಳುವುದಿಲ್ಲ. ಮೇಡಂ ನಿಂತಲ್ಲೇ ಚಿತ್ರ ನೋಡಿ, ಮನುಷ್ಯನ ಮುಖ ನೋಡಿ, ಇಂಥದ್ದಿದೆ ಎಂದು ಬಾಯಿಮಾತಿನಲ್ಲಿ ಹೇಳುತ್ತಿದ್ದರು. ಎಷ್ಟೋ ಬಡವರಿಗೆ ಇದರಿಂದ ಉಪಕಾರವಾಗಿದೆ. ಆದರೆ ಹುಟ್ಟಿದ ತಾರೀಖು ಹಾಕದೆ ಮಿಷನ್ ಶುರುವಾಗುತ್ತಿರಲಿಲ್ಲ. ಗಡಿಬಿಡಿಯಲ್ಲಿ ಯಾರನ್ನು ಕೇಳುವುದು? ಪಟ್ಟಿಯಲ್ಲಿ ಎಲ್ಲಕ್ಕಿಂತ ಮೊದಲು ಬರುವ ವರ್ಷವನ್ನೇ ಒತ್ತುತ್ತಿದ್ದೆವು. ಹಾಗಾಗಿ ನಮ್ಮ ಗ್ಯಾಪಿನವರೆಲ್ಲ ಕಂಪ್ಯೂಟರಿನಲ್ಲಿ ತೊಂಬತ್ತು ದಾಟಿದ ಮುದುಕರು. ಇದು ನಮಗೊಂದು ತಮಾಷೆಯೂ ಆಗಿತ್ತು. ವಾಚ್‌ಮನ್ನನ ಹೆಂಡತಿಯನ್ನು ಆಮೇಲೆ ತಿಂಗಳುಗಟ್ಟಲೆ ದಾದಿ, ಅಂದರೆ ಅಜ್ಜಿ, ಎಂದೇ ಕರೆದರು.

ಪ್ರೋಗ್ರಾಂ ಹಾಕಲು ಬಂದ ಕಂಪನಿಯ ಹುಡುಗಿ ಜನ್ಮತಾರೀಖು ಸರಿಯಾಗಿರಲೇಬೇಕು, ಹೋಲಿಕೆಯೆಲ್ಲ ವಯಸ್ಸಿನ ಮೇಲೆ ಎಂದು ಎರಡು ಸಲ ಹೇಳಿದ್ದಳು. ನಾವು ತಲೆಯಾಡಿಸಿ, ಸಮೋಸ ಬಂತೇ ಎಂದು ಬಾಗಿಲ ಕಡೆ ನೋಡಿದ್ದೆವು. ರೋಗಿಗಳ ವಿಷಯದಲ್ಲಿ ಅವಳು ಹೇಳಿದಂತೆಯೇ ನಡೆದುಕೊಂಡೆವು. ಗ್ಯಾಪಿನವರು ರೋಗಿಗಳ ಲೆಕ್ಕದಲ್ಲೇ ಇರಲಿಲ್ಲವಲ್ಲ.

ಅಣ್ಣಯ್ಯನಿಗೆ ಆಗ ಐವತ್ತೊಂಬತ್ತು. ದೊಡ್ಡ ತವಾದ ಮೇಲೆ ಒಟ್ಟಿಗೆ ಎಂಟು ದೋಸೆ ಹುಯ್ದು, ಯಾವುದಕ್ಕೆ ಬೆಣ್ಣೆ, ಯಾವುದಕ್ಕೆ ಪಲ್ಯ, ಯಾವುದು ಕಡಕ್ ಎಂದು ನೋಡದೆಯೇ ತಿಳಿದು ತೆಗೆಯುತ್ತಿದ್ದವನು. ಕೆಲವು ತಿಂಗಳಿಂದ ಅವನಿಗೆ ನಾಲ್ಕು ನಿಭಾಯಿಸುವುದೂ ಕಷ್ಟವಾಗಿತ್ತು. ಒಂದನ್ನು ಮಡಚುವಷ್ಟರಲ್ಲಿ ಉಳಿದವು ಕರಕಲು. ಮಾಲೀಕರು ಕೇಳಿದರೆ ಸೌಟು ಇಟ್ಟು ಸುಮ್ಮನೆ ನಿಲ್ಲುತ್ತಿದ್ದ. ನಾನೇ ಒತ್ತಾಯಿಸಿ ಒಂದು ಮಧ್ಯಾಹ್ನ ಗ್ಯಾಪಿನಲ್ಲಿ ಕರೆಸಿಕೊಂಡೆ. ಹೆಸರಿನಲ್ಲಿ ಟೆಸ್ಟ್ ಎಂದು ಹಾಕಿದೆ. ಕೈ ತನ್ನಷ್ಟಕ್ಕೆ ಮೊದಲ ವರ್ಷಕ್ಕೆ ಹೋಯಿತು. ಒಡಹುಟ್ಟಿದವನ ವಯಸ್ಸು ನನಗೆ ಗೊತ್ತಿಲ್ಲವೇ? ನನಗಿಂತ ಎರಡೇ ವರ್ಷ ದೊಡ್ಡವನು. ಆದರೂ ಒತ್ತಿದ್ದು ಅದನ್ನೇ.

ಆ ದಿನ ಮೇಡಂ ಬೇರೆ ಶಾಖೆಯಲ್ಲಿದ್ದರು. ಚಿತ್ರ ಅವರ ಪರದೆಗೆ ಹೋಯಿತು. ಹತ್ತು ನಿಮಿಷದಲ್ಲಿ ಫೋನ್ ಬಂತು. "ಸುಧಾಕರ್, ನಿಮ್ಮ ಗ್ಯಾಪ್‌ವಾಲಾ ಗ್ರೀನ್ ಇದ್ದಾರೆ. ವಯಸ್ಸಿಗೆ ತಕ್ಕಷ್ಟು." ಪರದೆಯ ಮೇಲಿನ ವಯಸ್ಸು ನೋಡಿ ಯಾರೋ ನಿಜವಾಗಿ ಮುದುಕರು ಎಂದುಕೊಂಡಿದ್ದರು. ಚಿತ್ರದಲ್ಲಿ ನಾನೂ ಚುಕ್ಕೆಗಳನ್ನು ನೋಡಿದ್ದೆ. ನನಗೆ ಹಿಡಿಸದಷ್ಟು ಇದ್ದವು. ಆದರೆ ಟೀಸಿ ಹಸಿರು ಎಂದಿತು, ಮೇಡಂ ಹಸಿರು ಎಂದರು, ನನಗೆ ಬೇಕಾಗಿದ್ದದ್ದೂ ಅದೇ. ನೆಮ್ಮದಿಯಿಂದ ಹೊರಗೆ ಹೋದೆ.

"ಎಂತ ಇಲ್ಲೆ ಅಣ್ಣಯ್ಯ. ವಯಸ್ಸಿಗೆ ತಕ್ಕಷ್ಟೇ ಅಂಬ್ರ್."

ಅವನು ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಬಹಳ ಹೊತ್ತು ತೆಗೆದುಕೊಂಡ. "ಹಾಂಗಾರೆ ಈ ಕೈ ಯಾಕ್ ಹಿಂದ್ ಬೀಳತ್ತ್ ಮಾರಾಯ?" ಎಂದ.

"ಆಲಸ್ಯ ನಿಂಗೆ" ಎಂದು ನಕ್ಕೆ. ಅವನೂ ನಕ್ಕ.

ವಡಾಲದ ಮನೆಯಲ್ಲಿ ಅತ್ತಿಗೆಗೆ ಇದು ದೊಡ್ಡ ಆಧಾರವಾಯಿತು. "ಕಂಡ್ರ್ಯಾ? ಮಿಷನ್ನೇ ಹೇಳ್ತ್, ಎಂತ ಇಲ್ಲೆ ಅಂದ್ಕಂಡ್. ಇದೆಲ್ಲ ಹಠ" ಎಂದು ಅವನೆದುರೇ ಹೇಳುತ್ತಿದ್ದರು. ಕೆಟ್ಟ ಮನಸ್ಸಿನಿಂದ ಅಲ್ಲ, ಹುರಿದುಂಬಿಸಿದರೆ ಸರಿಹೋದಾನು ಎಂಬ ಆಸೆಯಿಂದ. ಹೋಟೆಲಿನವರು ಅವನನ್ನು ತವಾದಿಂದ ಎಬ್ಬಿಸಿ ಈರುಳ್ಳಿ ಹೆಚ್ಚಲು ಕೂರಿಸಿದರು. ಹನ್ನೊಂದು ತಿಂಗಳಾದ ಮೇಲೆ ಅಲ್ಲೇ ಬಿದ್ದ. ಬಲಗಡೆ ಸ್ವಾಧೀನ ತಪ್ಪಿತು, ಮಾತು ತೊದಲಾಯಿತು.

ಸೇರಿಸಿದ ಆಸ್ಪತ್ರೆಯವರು ಹಳೆಯ ಸ್ಕ್ಯಾನ್ ಇದ್ದರೆ ತನ್ನಿ ಎಂದರು. ನಾನು ಸೆಂಟರಿಗೆ ಹೋಗಿ ಟೆಸ್ಟ್ ಎಂಬ ಹೆಸರಿನವುಗಳಲ್ಲಿ ಆ ದಿನದ್ದನ್ನು ಹುಡುಕಿ ತೆಗೆದೆ. ಮೂಲೆಯಲ್ಲಿ ವಯಸ್ಸು ಕಂಡಿತು. ತೊಂಬತ್ತರ ಮೇಲೆ. ಸರಿಯಾದ ತಾರೀಖು ಹಾಕಿ ಮತ್ತೆ ಓಡಿಸಿದೆ. ಅದೇ ಚುಕ್ಕೆಗಳು, ಅಷ್ಟೇ ಚುಕ್ಕೆಗಳು. ಪಟ್ಟಿ ಮಾತ್ರ ಕೆಂಪು.

ಮೇಡಂಗೆ ಅಂದೇ ಹೇಳಿದೆ. ಅವರು ಪರದೆ ನೋಡಿ, "ನಾನು ಮುಖ ನೋಡದೆ ಹೇಳಿದೆ. ತಪ್ಪು ನನ್ನದೂ ಹೌದು" ಎಂದರು. ಮೊದಲೇ ತಿಳಿದಿದ್ದರೆ ಬೀಳುತ್ತಲೇ ಇರಲಿಲ್ಲ ಎಂದು ಯಾರೂ ಹೇಳಲಾರರು, ಆದರೆ ಬಿಪಿ ಮಾತ್ರೆ ಹನ್ನೊಂದು ತಿಂಗಳು ಮೊದಲು ಶುರುವಾಗುತ್ತಿತ್ತು ಎಂದರು. ಇಷ್ಟನ್ನೂ ಮುಚ್ಚಿಡದೆ ಹೇಳಿದ್ದಕ್ಕೆ ಇಂದಿಗೂ ಅವರ ಮೇಲೆ ಗೌರವವಿದೆ. ಮರುದಿನದಿಂದ ಗ್ಯಾಪಿನವರಿಗೂ ಪೂರಾ ಹೆಸರು, ಸರಿಯಾದ ವಯಸ್ಸು, ಬರೆದ ರಿಪೋರ್ಟು ಎಂದಾಯಿತು. ಹೆಡ್ ಆಫೀಸಿನವರೊಂದಿಗೆ ಜಗಳವಾಡಿ ಅದಕ್ಕೆ ಒಪ್ಪಿಗೆಯನ್ನೂ ತಂದರು.

ಸೆಂಟರಿನಲ್ಲಿ ಸರಿಮಾಡಿದ್ದಾಯಿತು. ಮನೆಯಲ್ಲಿ ನಾನು ಬಾಯಿ ಬಿಡಲಿಲ್ಲ. ಅಣ್ಣಯ್ಯ ಎರಡು ವರ್ಷ ಹಾಸಿಗೆಯಲ್ಲಿದ್ದ. ಆ ನಡುವೆ ನನಗೆ ನಿವೃತ್ತಿಯಾಯಿತು. ದಿನ ಬಿಟ್ಟು ದಿನ ಹೋಗಿ ಗಡ್ಡ ಬೋಳಿಸಿ ಬರುತ್ತಿದ್ದೆ. ಅವನಿಗೂ ಹೇಳಲಿಲ್ಲ. ಅವನು ಹೋದ ಮೇಲೆ ಬಂದವರೆದುರೆಲ್ಲ ಅತ್ತಿಗೆ, "ಬೀಳುಕೆ ಮೊದ್ಲ್ ಒಂದ್ ವರ್ಷ ಎಂತ ಹಠ ಮಾಡ್ರ್ ಅಂತಿ! ಕಾಯಿಲೆ ಇರ್ಲಿಲ್ಲೆ, ಏನಿರ್ಲಿಲ್ಲೆ" ಎಂದು ಹೇಳಿ ಅಳುತ್ತಿದ್ದರು. ಒಳ್ಳೆಯದಾಗಿ ಕಳೆಯಬಹುದಾಗಿದ್ದ ಕೊನೆಯ ವರ್ಷವನ್ನು ಗಂಡ ಬೇಕೆಂದೇ ಹಾಳುಮಾಡಿಕೊಂಡ ಎಂಬ ನೋವು ಅವರಿಗೆ. ಅದು ಸುಳ್ಳೆಂದು ಆ ಮನೆಯಲ್ಲಿ ಗೊತ್ತಿದ್ದವನು ನಾನೊಬ್ಬನೇ.

ಹೋದ ವಾರ ವಡಾಲಕ್ಕೆ ಹೋದೆ. ಅತ್ತಿಗೆ ಬಸಳೆ ಸೊಪ್ಪು ಸೋಸುತ್ತ ಕೂತಿದ್ದರು.

"ಅತ್ತಿಗೆ, ಅಣ್ಣಯ್ಯಂದ್ ಮೊದ್ಲಿನ ಸ್ಕ್ಯಾನ್ ಇತ್ತಲೆ, ಅದ್ ತಪ್ಪ್."

"ಯಾರ್ ತಪ್ಪ್ ಮಾಡ್ರ್?"

"ನಾನೇ."

ಎಲ್ಲ ಹೇಳಿದೆ. ವಯಸ್ಸು, ಹಸಿರು, ಕೆಂಪು, ಆಗ ಅವನಿಗೆ ಕಾಯಿಲೆ ಇದ್ದದ್ದು, ಹಠವಲ್ಲದ್ದು. ಅತ್ತಿಗೆಯ ಕೈ ಸೊಪ್ಪಿನಲ್ಲೇ ನಿಂತಿತು.

"ನಿಂಗೆ ಯಾವಾಗ ಗೊತ್ತಾಯ್ತ್?"

"ಬಿದ್ದ ವಾರವೇ."

"ಮೂರ್ ವರ್ಷ ಆಯ್ತ್!" ಎಂದು ಅವರು ಬಟ್ಟಲನ್ನು ಪಕ್ಕಕ್ಕೆ ತಳ್ಳಿದರು. "ಗುಂಡಿ ಒತ್ತದ್ದ್ ತಪ್ಪಾಯ್ತ್, ಬಿಡ್. ಯಾರಿಗಾರೂ ಆತ್ತ್. ಮೂರ್ ವರ್ಷ ನಾನ್ ಇಲ್ಲೇ ಕೂತ್ಕಂಡ್ ಇವ್ರನ್ನ್ ಹಠಮಾರಿ ಅಂದೆ, ಮೈಗಳ್ಳ ಅಂದೆ. ನೀನ್ ಎದ್ರ್ ಕೂತ್ಕಂಡ್ ಕಾಫಿ ಕುಡ್ದೆ. ನಿನ್ ನಾಲ್ಗೆಗೆ ಎಂತ ಆಗಿತ್ತ್?"

ಹೊಸಬರು ಇದನ್ನು ಗಮನವಿಟ್ಟು ಓದಬೇಕು. ಕೈತಪ್ಪು ಎಲ್ಲರಿಗೂ ಆಗುತ್ತದೆ. ತಿಳಿದ ದಿನವೇ, ಯಾರಿಗೆ ಪೆಟ್ಟಾಯಿತೋ ಅವರಿಗೇ ಹೇಳಬೇಕು. ಸೆಂಟರಿನಲ್ಲಿ ಹೇಳಿ ಕೈತೊಳೆದುಕೊಂಡರೆ ಆಗಲಿಲ್ಲ.

ಅತ್ತಿಗೆ ಒಳಗೆ ಹೋದರು. ನಲ್ಲಿಯ ಸದ್ದು ಕೇಳಿಸಿತು. ಹೊರಗೆ ಬಂದಾಗ ಸೀರೆ ಬದಲಾಯಿಸಿದ್ದರು, ಮುಖ ಕೆಂಪಾಗಿತ್ತು.

"ಹೋಟ್ಲಿನವ್ರಿಗೆ ಹೇಳಿದ್ಯಾ?"

"ಇಲ್ಲೆ."

"ಎಂಟ್ ದೋಸೆ ಒಟ್ಟಿಗ್ ಹುಯ್ದವ್ರನ್ನ್ ಈರುಳ್ಳಿ ಹೆಚ್ಚುಕೆ ಕೂರ್ಸಿದ್ರ್. ಅವ್ರಿಗೂ ಗೊತ್ತಾಯ್ಕ್. ಏಳ್, ಈಗಳೇ ಹೋಪ."

"ಇವತ್ತಾ?"

"ಮತ್ತೆ? ಇನ್ನ್ ಮೂರ್ ವರ್ಷ ಬೇಕಾ?"

ಬಸ್ಸಿನಲ್ಲಿ ಅವರು ಕಿಟಕಿಯ ಕಡೆಗೇ ನೋಡುತ್ತಿದ್ದರು. ಮಾಟುಂಗ ತಲುಪುವಾಗ ಮೂರೂವರೆ, ಹೋಟೆಲಿನಲ್ಲಿ ಗಿರಾಕಿ ಕಡಿಮೆ ಇರುವ ಹೊತ್ತು. ತವಾದ ಹತ್ತಿರ ಈಗ ವಿಜಯಪುರದ ಕಡೆಯ ಬಸವರಾಜ ನಿಲ್ಲುತ್ತಾನೆ. ಅಣ್ಣಯ್ಯನೇ ಕಲಿಸಿದವನು. ಅತ್ತಿಗೆಯನ್ನು ಕಂಡದ್ದೇ ಕೈ ಒರೆಸಿಕೊಂಡು ಬಂದ.

"ಬರ್ರಿ ಅಕ್ಕಾರ, ಚಾ ತರಸ್ಲೇನ್ರಿ?"

"ಚಾ ಬ್ಯಾಡ. ಇವ ಎಂತದೋ ಹೇಳ್ತ, ಎಲ್ಲರೂ ಕೇಣಿ" ಎಂದು ಅತ್ತಿಗೆ ನನ್ನನ್ನು ಮುಂದೆ ಮಾಡಿದರು.

ಅಡುಗೆಮನೆಯ ಐದಾರು ಜನ ಸುತ್ತ ನಿಂತರು. ತವಾದ ಕೆಳಗಿನ ಬರ್ನರ್ ತೋರಿಸಿ ಶುರುಮಾಡಿದೆ. ಇದರ ಸಣ್ಣ ತೂತುಗಳು ಒಂದೊಂದಾಗಿ ಕಟ್ಟಿಕೊಂಡರೆ ತವಾ ಏನಾಗುತ್ತದೆ ಎಂದು ಕೇಳಿದೆ. "ಅಲ್ಲಲ್ಲಿ ತಣ್ಣಗಾಕ್ಕೈತ್ರಿ" ಎಂದ ಬಸವರಾಜ. "ಹುಯ್ಯುವವನ ತಪ್ಪೇ ಅದು?" ಎಂದೆ. "ಅಲ್ರಿ." ಅಣ್ಣಯ್ಯನ ತಲೆಯಲ್ಲಿ ಆದದ್ದು ಅದು, ಬಿದ್ದಾಗ ಅಲ್ಲ, ಇಲ್ಲಿ ನಿಂತಿದ್ದಾಗಲೇ ಆಗಿತ್ತು, ಅದನ್ನು ಏನಿಲ್ಲ ಎಂದು ಹೇಳಿದವನು ನಾನು ಎಂದು ಬಿಡಿಸಿ ಹೇಳಿದೆ.

"ಹಂಗಾರ ಮಂಜಣ್ಣಾರು ಬೇಕಂತ ಮಾಡ್ತಿದ್ದಿಲ್ಲ" ಎಂದ ಬಸವರಾಜ.

"ಇಲ್ಲ."

"ನಾ ನಗತಿದ್ನಿರಿ ಅಕ್ಕಾರ. ಎಂಟ್ ಹಾಕಿ ಐದ್ ಮರೀತಿದ್ರು. ಎಲ್ಲಾರ್ ಮುಂದ ನಗತಿದ್ನಿ."

"ನಾನ್ ಬೈತಿದ್ದೆ ಮಗ" ಎಂದರು ಅತ್ತಿಗೆ.

ಒಬ್ಬೊಬ್ಬರಾಗಿ ಕೆಲಸಕ್ಕೆ ಹೋದರು. ಬಸವರಾಜ ಮಾತ್ರ ನಿಂತೇ ಇದ್ದ. ಸ್ವಲ್ಪ ಹೊತ್ತಿನ ಮೇಲೆ ನನ್ನ ಹತ್ತಿರ ಸರಿದು, "ಅಣ್ಣಾರ, ಹ್ವಾದ ವರ್ಷ ಕ್ಯಾಂಪಿನ್ಯಾಗ ನನ್ನ ಬಿಪಿ ಭಾಳ ಐತಿ ಅಂದಿದ್ರು. ಗುಳಿಗಿ ತಿಂಗಳದಾಗ ಬಿಟ್ನಿ. ಈಗೀಗ ಮುಂಜಾನಿ ತಲಿ ಹಿಡದಂಗ ಆಕ್ಕೈತಿ" ಎಂದ.

ಡಾಕ್ಟರ್ ಮೇಡಂಗೆ ಅಲ್ಲಿಂದಲೇ ಫೋನ್ ಮಾಡಿದೆ. ನಾಳೆ ಹನ್ನೊಂದಕ್ಕೆ ಕಳಿಸಿ, ಮೊದಲು ಬಿಪಿ ನೋಡೋಣ, ಬೇಕಾದರೆ ಸ್ಕ್ಯಾನ್ ಎಂದರು. ಜೇಬಿನಿಂದ ಪೆನ್ನು ತೆಗೆದು ಆರ್ಡರ್ ಬರೆಯುವ ಚೀಟಿಯ ಮೇಲೆ ಅವನ ಪೂರಾ ಹೆಸರು ಬರೆದೆ. ವಯಸ್ಸೆಷ್ಟು ಎಂದು ಕೇಳಿದೆ.

"ಸಾಲ್ಯಾಗಿಂದ್ ಹೇಳ್ಲೋ, ಖರೇದ್ ಹೇಳ್ಲೋ?"

"ಖರೇದು."

ಅವನು ಮೇಲೆ ನೋಡಿದ. "ನಮ್ಮ ಅಕ್ಕ ಹುಟ್ಟಿದ ಎರಡ್ ವರ್ಷಕ್ಕ ನಾನು ಅಂತ ಅವ್ವ ಹೇಳ್ತಿದ್ಳು. ಅಕ್ಕನ ಲಗ್ನ ಆದಾಗ..." ಎಂದು ಬೆರಳು ಮಡಚತೊಡಗಿದ. ಎರಡು ಸಲ ತಪ್ಪಿ ಮೊದಲಿನಿಂದ ಹಿಡಿದ. ಅಷ್ಟರಲ್ಲಿ ಮುಂದಿನಿಂದ ಎರಡು ಮಸಾಲೆ ಎಂದು ಯಾರೋ ಕೂಗಿದರು. ಅವನು ಅತ್ತ ತಿರುಗಿ, ಇತ್ತ ತಿರುಗಿ ಗಡಿಬಿಡಿಯಾದ.

ಅತ್ತಿಗೆ ಒಂದು ಸ್ಟೂಲ್ ಎಳೆದುಕೊಂಡು ಕೂತರು. "ನಿಧಾನ ಎಣ್ಸ್ ಮಗ" ಎಂದು ಪೆನ್ನು ಹಿಡಿದು ನಿಂತ ನನ್ನನ್ನು ತೋರಿಸಿದರು. "ಅವ ಕಾಯ್ತ."